ತಿರುಗಿ ಹಾರಿದ ಹಕ್ಕಿ

ಶುಕ್ರವಾರ, ಮಧ್ಯಾಹ್ನ

ನನ್ನ ಅವಸರದ ಅಕ್ಕನಿಗೆ,

ನಿನ್ನ ನಿಧಾನದ ತಂಗಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಮೂಗು ಮಾತ್ರ ಎಂದಿನಂತೆ ಸೋರುತ್ತಿದೆ, ಅದು ನನ್ನ ಜೊತೆಗೇ ಹುಟ್ಟಿದ್ದು ಅಂತ ನಿನಗೆ ಗೊತ್ತೇ ಇದೆ. ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ. ಕೂತ ಜಾಗ ಅಷ್ಟು ಸರಿಯಿಲ್ಲ, ತೊಡೆಯ ಮೇಲಿನ ಕೈಚೀಲವೇ ಮೇಜು. ಇವತ್ತು ರಜೆ ಹಾಕಿದ್ದೇನೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ, ಈಗಲೇ ಕೊನೆಯ ಪುಟಕ್ಕೆ ಹಾರಬೇಡ. ಪತ್ತೇದಾರಿ ಕಥೆಗಳನ್ನು ಹಿಂದಿನಿಂದ ಓದಿ, ಕಳ್ಳ ಯಾರು ಅಂತ ನನಗೆ ಮೊದಲೇ ಹೇಳಿಬಿಡುತ್ತಿದ್ದ ಚಾಳಿಯನ್ನು ನೀನಿನ್ನೂ ಬಿಟ್ಟಿರಲಾರೆ.

ಹೋದ ಬೇಸಿಗೆಯಲ್ಲಿ ನೀನು ನಮ್ಮ ಕಂಪನಿ ಬಿಟ್ಟು ಎದುರಾಳಿಗಳ ಕಡೆ ಸೇರಿದ ಮೇಲೆ ನಾವಿಬ್ಬರೂ ನೇರ ಮಾತಾಡಿಯೇ ಇಲ್ಲ. ಅಮ್ಮನೇ ನಮ್ಮಿಬ್ಬರ ಟೆಲಿಫೋನ್ ಎಕ್ಸ್‌ಚೇಂಜ್. ನೀನು ಕೆಮ್ಮಿದರೆ ನನಗೆ ಸುದ್ದಿ ಬರುತ್ತದೆ, ನಾನು ಸೀನಿದರೆ ನಿನಗೆ ಹೋಗುತ್ತದೆ. ನಡುವೆ ಅಮ್ಮ ತನ್ನದೂ ಎರಡು ಮಾತು ಸೇರಿಸುತ್ತಾಳೆ ಅನ್ನುವ ಅನುಮಾನ ನನಗಿದೆ. ಹೋದ ತಿಂಗಳು, ನಿಮ್ಮಕ್ಕ ನಿನ್ನ ನೆನೆಸ್ಕೊಂಡು ಎರಡು ಹೊತ್ತು ಊಟ ಬಿಟ್ಳಂತೆ ಅಂದಳು. ನೀನು ಊಟ ಬಿಡುವವಳಲ್ಲ ಅಂತ ಅವಳಿಗಿಂತ ಚೆನ್ನಾಗಿ ನನಗೆ ಗೊತ್ತು. ಆದರೂ ಆ ದಿನವೆಲ್ಲ ಖುಷಿಯಾಗಿದ್ದೆ.

ಜಗಳ ನೆನಪಿದೆಯಲ್ಲ? ನಿನ್ನ ಬೀಳ್ಕೊಡುಗೆಯ ದಿನ ನಾನು ಸ್ವೆಟರ್ ಕೊಟ್ಟೆ. ನಿಂಬೆಹಳದಿ ಬಣ್ಣದ್ದು, ನಾನೇ ಹೆಣೆದದ್ದು, ಎಡ ತೋಳು ಬಲಕ್ಕಿಂತ ಅರ್ಧ ಗೇಣು ಉದ್ದ. ಎಲ್ಲರೂ ಕಂಬಳಿ ಹೊದ್ದು ನಡುಗುವಾಗ ಕಿಟಕಿ ತೆರೆಯುವವಳು ನೀನು. ಸ್ವೆಟರ್ ಅನ್ನುವುದನ್ನು ಹುಟ್ಟಿದಾಗಿನಿಂದ ಮೈಗೆ ತಾಗಿಸಿದವಳಲ್ಲ. ಗೊತ್ತಿದ್ದೂ ಹೆಣೆದೆ, ಯಾಕೆಂದರೆ ನನಗೆ ಬರುವುದು ಅದೊಂದೇ. ನೀನು ಅದನ್ನು ಎತ್ತಿ ಹಿಡಿದು, ಇದನ್ನ ಮುಗಿಸೋಷ್ಟರಲ್ಲಿ ಆ ಕುರಿಗೆ ಮತ್ತೆ ಉಣ್ಣೆ ಬಂದಿರ್ಬೇಕು ಅಂದೆ. ನಾನೂ ನಕ್ಕೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಷ್ಟೊಂದು ಅವಸರದಲ್ಲಿ ಯಾಕೆ ಹೋಗ್ತಿದೀಯ ಅಂತ ನಾನು ಕೇಳಿದೆ. ಇಲ್ಲಿದ್ರೆ ನಿನ್ನ ಒಂದು ಸಹಿಗೆ ಎಲ್ರೂ ಕಾಯ್ತಾ ಕೂರ್ಬೇಕು, ಓಡೋಕೆ ಬರದೋರೇ ಓಟಕ್ಕೆ ಸೀಟಿ ಊದೋದು ಅಂದೆ ನೀನು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ನೀನು ಗೇಟು ದಾಟಿದ್ದೆ. ಉತ್ತರ ಇನ್ನೂ ನನ್ನ ಹತ್ತಿರವೇ ಇದೆ, ಮುಂದೆ ಎಲ್ಲಾದರೂ ಹೇಳುತ್ತೇನೆ.

ನಿನ್ನ ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ನಿನ್ನದು ಚಿಪ್ ರೂಪಿಸುವ ಕೆಲಸ, ನನ್ನದು ಅದನ್ನು ಪರೀಕ್ಷಿಸುವ ಕೆಲಸ. ಯಾವ ಚಿಪ್ಪಿನ ಬೆನ್ನ ಮೇಲೆ ಯಾವ ವೇಗ ಕೆತ್ತಬೇಕು ಅನ್ನುವುದಕ್ಕೆ ಕೊನೆಯ ಒಪ್ಪಿಗೆ ನನ್ನದು. ನಾನು ಹೂಂ ಅನ್ನದೆ ಕೆತ್ತುವ ಯಂತ್ರ ಓಡುವುದಿಲ್ಲ. ನಾನು ಹೂಂ ಅನ್ನುವುದು ಎಷ್ಟು ಅಪರೂಪ ಅಂತ ನಿನಗೆ ಹೊಸದಾಗಿ ಹೇಳಬೇಕಿಲ್ಲ.

ಹದಿನೈದು ದಿನದ ಹಿಂದೆ ಅಮ್ಮ ಕೇಳಿದಳು, ನೀವಿಬ್ರೂ ಬಡಿದಾಡ್ತಿರೋದು ಯಾವುದಕ್ಕೆ, ಸ್ವಲ್ಪ ಬಿಡಿಸಿ ಹೇಳೇ ಅಂತ. ಹೇಳಿದೆ. ಮನೆ ಕಟ್ಟುವಲ್ಲಿ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಸಾಲು ನೋಡಿದೀಯಲ್ಲ, ಒಬ್ಬ ನಿಂತು ಚಪ್ಪಾಳೆ ತಟ್ಟುತ್ತಾನೆ ಅಂದುಕೋ, ಒಂದು ಚಪ್ಪಾಳೆಗೆ ಒಂದು ಇಟ್ಟಿಗೆ. ಚಪ್ಪಾಳೆ ಬೇಗ ಬಿದ್ದಷ್ಟೂ ಮನೆ ಬೇಗ ಏಳುತ್ತದೆ. ಚಿಪ್ಪಿನೊಳಗೂ ಹಾಗೇ ಒಂದು ಮಿಡಿತ. ಸೆಕೆಂಡಿಗೆ ನೂರು ಕೋಟಿ ಮಿಡಿತ ಮೊದಲು ಮುಟ್ಟುವುದು ಅಕ್ಕನವರೋ ನಮ್ಮವರೋ, ಅದೇ ಜಗಳ ಅಂದೆ. ಅಮ್ಮ ಸ್ವಲ್ಪ ಯೋಚಿಸಿ, ಹಿಂದಿನವನು ಇಟ್ಟಿಗೆ ಕೊಡೋಕೆ ಮುಂಚೇನೇ ಮುಂದಿನ ಚಪ್ಪಾಳೆ ಬಿದ್ರೆ ಅಂತ ಕೇಳಿದಳು. ಅದನ್ನು ನೋಡುವುದೇ ನನ್ನ ಕೆಲಸ, ಮೈ ಬಿಸಿಯಾದರಂತೂ ಒಳಗಿನ ಕೈಗಳು ಇನ್ನೂ ನಿಧಾನ ಅಂದೆ. ಸೆಕೆಗೆ ಯಾರ ಕೈ ಓಡುತ್ತೆ ಹೇಳು, ನನಗಂತೂ ಪಾತ್ರೆ ತೊಳೆಯೋಕೂ ಆಗಲ್ಲ ಅಂದಳು. ಅಲ್ಲಿಗೆ ಪಾಠ ಮುಗಿಯಿತು, ಪಾತ್ರೆ ನನ್ನ ಪಾಲಿಗೆ ಬಂತು.

ಈಗ ವಿಷಯಕ್ಕೆ ಬರುತ್ತೇನೆ. ಗಾಬರಿಯಾಗಬೇಡ, ಗುಟ್ಟೇನೂ ಬಿಟ್ಟುಕೊಡುತ್ತಿಲ್ಲ. ಇದೆಲ್ಲ ಇವತ್ತಿನ ಪತ್ರಿಕೆಗಳಲ್ಲೇ ಬಂದಿದೆ. ಬಾರದಿರುವುದು ನನ್ನ ಪಾಡೊಂದೇ.

ನಮ್ಮ ಹಿಮಕರಡಿ ಹೇಗಿದ್ದಾರೆ ಅಂತ ನಿನಗೆ ಕುತೂಹಲ ಇದ್ದೇ ಇರುತ್ತದೆ. ಆ ಹೆಸರಿಟ್ಟವಳೇ ನೀನಲ್ಲವೇ. ಮುಖ್ಯಸ್ಥರಾದರೂ ಬದಲಾಗಿಲ್ಲ. ಅದೇ ಮೈ, ಅದೇ ಬೆವರು, ಹೆಗಲ ಮೇಲೆ ಅದೇ ಟವೆಲ್. ಪ್ರಯೋಗಾಲಯದ ತಂಪು ಯಂತ್ರವನ್ನು ಇನ್ನೂ ಕೊನೆಯ ಗುರುತಿಗೇ ತಿರುಗಿಸಿಡುತ್ತಾರೆ. ನಾವೆಲ್ಲ ಟೋಪಿ, ಕೈಗವಸು, ಎರಡೆರಡು ಕಾಲುಚೀಲ ಹಾಕಿಕೊಂಡು ಪರ್ವತ ಹತ್ತುವವರ ಹಾಗೆ ಕೂರುತ್ತೇವೆ. ಅವರು ಮಾತ್ರ ಮೇಲಿನ ಗುಂಡಿ ಬಿಚ್ಚಿ, ಏನ್ ಸೆಕೆ ಮಾರಾಯ್ರೇ ಅನ್ನುತ್ತಾ ಓಡಾಡುತ್ತಾರೆ.

ಘೋಷಣೆಯ ದಿನ ತೋರಿಸಲು ನಮ್ಮ ಚಿತ್ರಕಾರ ಒಂದು ಆಟ ಮಾಡಿದ್ದ. ಪರದೆಯ ಮೇಲೆ ಸಾವಿರಾರು ಹಕ್ಕಿಗಳು ಎಡದಿಂದ ಬಲಕ್ಕೆ ಹಾರುತ್ತವೆ. ಪ್ರತಿ ಹಕ್ಕಿ ಪಕ್ಕದ ಹಕ್ಕಿಯನ್ನು ನೋಡಿಕೊಂಡು ತನ್ನ ದಾರಿ ಸರಿಮಾಡಿಕೊಳ್ಳುತ್ತದೆ. ಆ ಲೆಕ್ಕವನ್ನೆಲ್ಲ ನಮ್ಮ ಹೊಸ ಚಿಪ್ ಒಂದೇ ಉಸಿರಿನಲ್ಲಿ ಮಾಡಬೇಕು. ನೂರು ಕೋಟಿ ಮಿಡಿತದಲ್ಲಿ ಅವು ನೀರು ಹರಿದ ಹಾಗೆ ಹಾರುತ್ತಿದ್ದವು, ನೋಡಿದವರೆಲ್ಲ ಆಹಾ ಅಂದರು. ಬಿಸಿ ಪೆಟ್ಟಿಗೆಯಲ್ಲಿಟ್ಟು ಬೇಯಿಸುವ ಪರೀಕ್ಷೆಗೆ ಒಂದು ವಾರ ಹಿಡಿಯುತ್ತದೆ. ನಿಮ್ಮವರು ಸೋಮವಾರವೇ ಘೋಷಿಸುತ್ತಾರೆ ಅನ್ನುವ ಸುದ್ದಿ ಬಂದಿದ್ದರಿಂದ, ನಮ್ಮವರು ಭಾನುವಾರವೇ ಘೋಷಿಸಿ, ಬೇಯಿಸುವುದನ್ನು ಆಮೇಲೆ ನೋಡಿಕೊಳ್ಳೋಣ ಅಂತ ತೀರ್ಮಾನಿಸಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾನು ಗೊಣಗಿದೆ. ಆ ಚಳಿಯಲ್ಲಿ ಟೋಪಿ ಹಾಕಿದವರಿಗೆ ಯಾರ ಗೊಣಗಾಟ ಕೇಳೀತು?

ಹೋದ ಶುಕ್ರವಾರ ನನ್ನ ಮೂಗು ನಲ್ಲಿಯಾಯಿತು. ಹೊಸ ಚಿಪ್ ಕೂರಿಸಿದ್ದ ಯಂತ್ರವನ್ನು ಎತ್ತಿಕೊಂಡು ಟೀ ಕೋಣೆಗೆ ಹೋಗಿ, ನೀರು ಕಾಯಿಸುವ ಬಾಯ್ಲರಿನ ಪಕ್ಕ ಮೇಜು ಹಾಕಿ ಕೂತೆ. ಕಾಲಿಗೆ ಬಿಸಿ ತಾಗಿ ಸ್ವರ್ಗದಲ್ಲಿದ್ದ ಹಾಗಿತ್ತು. ಹಕ್ಕಿಗಳು ಹಾರುತ್ತಿದ್ದವು, ನಾನು ಬಿಸ್ಕತ್ತು ತಿನ್ನುತ್ತಿದ್ದೆ. ಇದ್ದಕ್ಕಿದ್ದಂತೆ ನಡುವಿನ ಒಂದು ಹಕ್ಕಿ ತಿರುಗಿತು. ಸಾವಿರಾರು ಹಕ್ಕಿಗಳು ಬಲಕ್ಕೆ ಹೋಗುತ್ತಿದ್ದರೆ ಅದೊಂದು ಎಡಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ, ಅಂಗಡಿಯಲ್ಲಿ ಏನೋ ಮರೆತು ವಾಪಸು ಹೊರಟವರ ಹಾಗೆ. ಬಿಸ್ಕತ್ತು ಕೈಯಲ್ಲೇ ಉಳಿಯಿತು. ಸೆಕೆಗೆ ಒಳಗೊಂದು ಕೈ ನಿಧಾನವಾಗಿತ್ತು, ಇಟ್ಟಿಗೆ ಬಿದ್ದಿತ್ತು.

ಆಗ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. ಮೊದಲು ನೆನಪಾದದ್ದು ಚಿಪ್ ಅಲ್ಲ, ನೀನು. ನಾನು ಬೇಡ ಅಂದರೆ ಸೋಮವಾರ ಗೆಲ್ಲುವುದು ನೀನು. ಅಕ್ಕನಿಗೋಸ್ಕರ ಬೇಡ ಅಂದಳು ಅನ್ನುತ್ತಾರೆ, ಇನ್ನು ಮುಂದೆ ನನ್ನ ಒಪ್ಪಿಗೆಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಹೂಂ ಅಂದರೆ ಆ ಹಕ್ಕಿ ಯಾರದೋ ಮನೆಯ ಮೇಜಿನ ಮೇಲೆ, ಯಾರದೋ ಸಂಬಳದ ಲೆಕ್ಕದಲ್ಲಿ, ಯಾರದೋ ಎಕ್ಸ್‌ರೇಯಲ್ಲಿ ತಿರುಗುತ್ತದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ನನ್ನ ಸ್ಥಿತಿ ಅದಕ್ಕಿಂತ ಕಡೆ. ಇಲ್ಲಿ ಅಕ್ಕಿಯೂ ಹೋಗುವುದಿತ್ತು, ನೆಂಟರು ಆಗಲೇ ಮಾತು ಬಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಸಭೆಯಲ್ಲಿ ಬೇಡ ಅಂದೆ. ಆಮೇಲೆ ಮಾರಾಟ ವಿಭಾಗದ ಟೈ ಮಹಾಶಯ, ನಿನಗೆ ಅವನು ಗೊತ್ತಿಲ್ಲ, ನೀನು ಹೋದ ಮೇಲೆ ಬಂದವನು, ಟೈ ಸರಿಮಾಡಿಕೊಂಡು, ಅಕ್ಕ ಸೋಮವಾರ ಹೂಂ ಅಂತಾಳೆ, ತಂಗಿ ಶನಿವಾರ ಉಹೂಂ ಅಂತಾಳೆ, ಮನೇಲಿ ಮಾತಾಡ್ಕೊಂಡೇ ಬಂದಿರ್ಬೇಕು ಅಂದ. ನನ್ನ ಕಿವಿಯೆಲ್ಲ ಕಾದುಹೋಯಿತು. ಕುಂಬಳಕಾಯಿ ಕದ್ದವಳು ನಾನಲ್ಲ, ಆದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಮಾತಾಡಿಕೊಂಡು ಬರುವುದಿರಲಿ, ಮಾತೇ ಆಡಿಲ್ಲ ಅಂತ ಹೇಳಬೇಕಿತ್ತು. ಎಂದಿನಂತೆ ಬಾಯಿ ಬರಲಿಲ್ಲ. ಬಾಯಿ ಬರದಿದ್ದಾಗ ಮಾಡುವಂಥದ್ದನ್ನೇ ಮಾಡಿದೆ, ಮೇಜಿನ ಮೇಲಿದ್ದ ಯಂತ್ರವನ್ನು ಅನಾಮತ್ತಾಗಿ ಎತ್ತಿಕೊಂಡು ಹೊರಗೆ ಹೊರಟೆ. ಇದ್ದದ್ದು ಅದೊಂದೇ ಯಂತ್ರ. ಹಿಮಕರಡಿಯಿಂದ ಹಿಡಿದು ಟೈವರೆಗೆ ಎಲ್ಲರೂ ಹಿಂದೆ ಓಡಿ ಬಂದರು.

ಆ ದೃಶ್ಯವನ್ನು ನೀನು ನೋಡಬೇಕಿತ್ತು ಅಕ್ಕ. ಟೀ ಕೋಣೆ ಎಷ್ಟು ಚಿಕ್ಕದು ಅಂತ ಗೊತ್ತಲ್ಲ. ಕಂಪನಿಯ ದೊಡ್ಡವರೆಲ್ಲ ಬಾಯ್ಲರಿಗೂ ಸಕ್ಕರೆ ಡಬ್ಬಿಗೂ ನಡುವೆ ಬಸ್ಸಿನಲ್ಲಿ ನಿಂತ ಹಾಗೆ ನಿಂತರು. ಹಕ್ಕಿ ಬಿಟ್ಟೆ. ಚೆನ್ನಾಗಿ ಹಾರಿದವು. ಇನ್ನೂ ಚೆನ್ನಾಗಿ ಹಾರಿದವು. ಕನ್ನಡಕಗಳಿಗೆ ಆವಿ ಕೂತಿತು, ಟೈ ಗಂಟು ಸಡಿಲವಾಯಿತು, ಹಕ್ಕಿಗಳು ಮಾತ್ರ ಸಭ್ಯರ ಹಾಗೆ ಬಲಕ್ಕೇ ಹೋಗುತ್ತಿದ್ದವು. ಟೈ ಕೈಗಡಿಯಾರ ನೋಡಿಕೊಂಡ. ಒಂದು ಕ್ಷಣ ನನಗೂ ಅನ್ನಿಸಿತು, ದೇವರೇ, ತಿರುಗದೇ ಇರಲಿ, ನಾನು ಕಂಡದ್ದು ಸುಳ್ಳಾಗಲಿ, ನಮ್ಮವರೇ ಗೆಲ್ಲಲಿ ಅಂತ. ನನಗೂ ಗೆಲ್ಲುವ ಆಸೆ ಇದೆ ಅಕ್ಕ, ನೀನು ನಂಬುವುದಿಲ್ಲ. ಅಷ್ಟರಲ್ಲಿ ಅದು ತಿರುಗಿತು. ನಡುವಿನಿಂದ ಒಂದೇ ಒಂದು, ಎಡಕ್ಕೆ.

ಹಿಮಕರಡಿ ಟವೆಲಿನಿಂದ ಮುಖ ಒರೆಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಆ ಹಕ್ಕಿ ಅಂಚು ದಾಟಿ ಕಾಣೆಯಾಗುವವರೆಗೂ ನೋಡಿದರು. ಆಮೇಲೆ, ಪಾಪ, ಇದಕ್ಕೊಂದಕ್ಕೇ ಮನೆ ನೆನಪಾಗಿದೆ ಅಂದರು. ಯಾರೋ ಕಿಸಕ್ಕನೆ ನಕ್ಕರು, ಎಲ್ಲರೂ ನಕ್ಕರು. ನಾನೊಬ್ಬಳು ನಗಲಿಲ್ಲ. ನನಗೆ ನಿನ್ನ ನೆನಪಾಗಿ ಕಣ್ಣು ತುಂಬಿತ್ತು. ನೆಗಡಿ ಅಂತ ಹೇಳಿ ತಪ್ಪಿಸಿಕೊಂಡೆ. ನೆಗಡಿ ಇರುವುದರಿಂದ ಇಂಥ ಅನುಕೂಲಗಳೂ ಇವೆ.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಉಪಾಯಗಳು ಒಂದೊಂದಾಗಿ ಹೊರಬಿದ್ದವು. ಸಭಾಂಗಣವನ್ನು ಇನ್ನಷ್ಟು ತಂಪು ಮಾಡೋಣ, ಹಕ್ಕಿ ಬದಲು ಮೀನು ಮಾಡೋಣ, ಮೀನು ಹೇಗೂ ತಿರುಗುತ್ತೆ ಅಂದವನು ಟೈ. ಹಿಮಕರಡಿ ಬೇಡ ಅಂದರು. ವೇಗ ಒಂದು ಮೆಟ್ಟಿಲು ಇಳಿಸಿ, ಪೆಟ್ಟಿಗೆಯಲ್ಲಿ ಹಾಕಿ ಬೇಯಿಸಿ, ಬೆಂದು ಬದುಕಿದ್ರೆ ಗುರುವಾರ ಹೊರಗೆ ಬಿಡೋಣ, ಸೋತ್ರೂ ಬಿಸಿಲಲ್ಲೇ ಸೋಲೋಣ ಅಂದರು. ಒಂದು ವಾರದ ಪರೀಕ್ಷೆಯನ್ನು ಹಗಲೂ ರಾತ್ರಿ ಪಾಳಿ ಹಾಕಿ ಗುರುವಾರದೊಳಗೆ ಮುಗಿಸಿದೆವು. ನಾನು ಬೇಗ ಮಾಡಿದ ಕೆಲಸ ಅಂತ ಜೀವಮಾನದಲ್ಲಿ ಇದ್ದರೆ ಇದೊಂದೇ, ಗುರುತು ಹಾಕಿಕೋ.

ನಡುವೆ ಸೋಮವಾರ ಬಂತಲ್ಲ. ನಿಮ್ಮವರ ಘೋಷಣೆ ನೋಡಲು ಕ್ಯಾಂಟೀನಿನ ಟೀವಿ ಮುಂದೆ ಇಡೀ ಆಫೀಸು ಸೇರಿತ್ತು. ದೊಡ್ಡ ವೇದಿಕೆ, ದೊಡ್ಡ ಪರದೆ, ಅದರ ಮೇಲೆ ನೂರು ಕೋಟಿ ಅನ್ನುವ ಆ ದುಂಡು ಸಂಖ್ಯೆ. ನಮ್ಮವರೆಲ್ಲ ಅಯ್ಯೋ ಅಂತ ತಲೆ ಮೇಲೆ ಕೈ ಹೊತ್ತರು. ನಾನು ಸಂಖ್ಯೆ ನೋಡಲೇ ಇಲ್ಲ. ಸಾಲಿನ ಕೊನೆಯಲ್ಲಿ ನಿಂತಿದ್ದ ನಿನ್ನನ್ನು ನೋಡುತ್ತಿದ್ದೆ. ಕೋಟು, ಬೂಟು, ರೇಷ್ಮೆಯ ಕೊರಳಪಟ್ಟಿಗಳ ಸಾಲಿನ ಕೊನೆಯಲ್ಲಿ ನಿಂಬೆಹಳದಿ ಸ್ವೆಟರ್, ಎಡ ತೋಳನ್ನು ಎರಡು ಮಡಿಕೆ ಮಡಚಿದ್ದೆ. ನೋಡ್ದೆಯಾ ನೀನು ಮಾಡಿದ ಕೆಲಸ ಅಂತ ಟೈ ನನ್ನ ಕಡೆ ತಿರುಗಿ ಕೇಳಿದ. ನೋಡ್ದೆ, ತೋಳೊಂದು ಬಿಟ್ರೆ ಬಹಳ ಚೆನ್ನಾಗಿ ಬಂದಿದೆ ಅಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

ಅಮ್ಮ ಫೋನ್ ಮಾಡಿ, ಅವಳಿಗೇನು ಜ್ವರವಾ ಅಂತ ಗಾಬರಿಪಟ್ಟಳು. ನಾನು ಆ ರಾತ್ರಿಯಿಡೀ ಬಿಸಿ ಪೆಟ್ಟಿಗೆಯ ಮುಂದೆ ಕೂತು ಅದನ್ನೇ ಯೋಚಿಸಿದೆ. ಜನ್ಮದಲ್ಲಿ ಚಳಿಯಾಗದವಳು, ನಡುಬೇಸಿಗೆಯಲ್ಲಿ, ಲೋಕವೆಲ್ಲ ನೋಡುವ ಕಡೆ ಸ್ವೆಟರ್ ಹಾಕಿದ್ದಾಳೆ ಅಂದರೆ ಎರಡೇ ಅರ್ಥ. ಒಂದು, ನಿನಗೂ ಚಳಿಯಾಗುವಷ್ಟು ನಿಮ್ಮ ಸಭಾಂಗಣವನ್ನು ತಂಪು ಮಾಡಿದ್ದರು, ಅಂದರೆ ನಿಮ್ಮ ಚಿಪ್ಪಿಗೂ ನಮ್ಮದೇ ಕಾಯಿಲೆ. ಇನ್ನೊಂದು, ನೀನು ಅದನ್ನು ನನಗಾಗಿ ಹಾಕಿದ್ದೆ.

ಮೊದಲನೆಯದಕ್ಕೆ ನೀನು ಉತ್ತರ ಕೊಡಬೇಡ, ಕೊಡುವ ಹಾಗೂ ಇಲ್ಲ. ನಾನೂ ಕೇಳುವುದಿಲ್ಲ. ಆದರೆ ತಂಗಿಯಾಗಿ ಒಂದು ಮಾತು. ನಿಮ್ಮ ಮೂರನೆಯ ಮಹಡಿಯಲ್ಲಿ, ಎಡಗಡೆಯ ಕಿಟಕಿಯ ಪಕ್ಕ ಒಂದು ಬಾಯ್ಲರ್ ಇದೆಯಲ್ಲ, ಒಂದು ಸಲ ಯಂತ್ರವನ್ನು ಅಲ್ಲಿಗೆ ಎತ್ತಿಕೊಂಡು ಹೋಗಿ ನೋಡು. ನಿಮ್ಮ ಹಕ್ಕಿಗಳು ಯಾವುವೋ, ಎಲ್ಲವೂ ನೇರ ಹಾರಿದರೆ ನೀವೇ ಗೆದ್ದಿರಿ, ಮೊದಲು ಚಪ್ಪಾಳೆ ತಟ್ಟುವವಳು ನಾನು. ಒಂದು ತಿರುಗಿದರೂ ಬೇಡ ಅಂದುಬಿಡು. ನಿನಗೆ ಆ ಪದ ಅಭ್ಯಾಸವಿಲ್ಲ, ಮೊದಲು ನಾಲಗೆ ಒಣಗುತ್ತದೆ, ಎರಡು ದಿನ ಎಲ್ಲರೂ ಮುಖ ತಿರುಗಿಸುತ್ತಾರೆ. ಆಮೇಲೆ ಏನೂ ಆಗುವುದಿಲ್ಲ. ನಾನು ಅಂದಿದ್ದೇನೆ, ಸತ್ತಿಲ್ಲ.

ನಿನ್ನೆಯ ನಮ್ಮ ಘೋಷಣೆಯನ್ನು ನೀನು ನೋಡಿದೆಯೋ ಇಲ್ಲವೋ. ಪಶ್ಚಿಮಕ್ಕೆ ಗಾಜಿನ ಗೋಡೆ ಇರುವ ಸಭಾಂಗಣ, ಮಧ್ಯಾಹ್ನದ ಬಿಸಿಲು, ತಂಪು ಯಂತ್ರ ಬಂದ್. ಪತ್ರಕರ್ತರು ಆಮಂತ್ರಣ ಪತ್ರದಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಹಿಮಕರಡಿ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ನಿಂತು, ತಿರುಗಿದ ಹಕ್ಕಿಯ ಕಥೆಯನ್ನು ತಾವೇ ಹೇಳಿದರು. ನಮ್ಮಲ್ಲೊಬ್ಬಳು ಚಳಿ ತಡೀದೋಳು ಇದ್ದಾಳೆ, ಅವಳ ನೆಗಡಿ ನಮ್ಮ ಮರ್ಯಾದೆ ಉಳಿಸ್ತು ಅಂದರು. ಆಮೇಲೆ ಹಕ್ಕಿಗಳನ್ನು ಬಿಟ್ಟರು. ಬಿಸಿಲಲ್ಲಿ, ಅಷ್ಟು ಹೊತ್ತೂ, ಒಂದಾದರೂ ತಿರುಗಲಿಲ್ಲ. ಎದುರಾಳಿಗಳಿಗಿಂತ ನಿಮ್ಮದು ನಿಧಾನ ಅಲ್ವಾ ಅಂತ ಒಬ್ಬರು ಕೇಳಿದರು. ಹೌದು, ಒಂದು ಮೆಟ್ಟಿಲು, ಆದ್ರೆ ನಿಮ್ಮನೆ ಸೆಕೇಲೂ ಓಡುತ್ತೆ ಅಂದರು. ಎಂಥ ಚಪ್ಪಾಳೆ ಅಂತೀಯ! ಟೈ ಬಂದು, ತಾನು ಅಂದದ್ದನ್ನು ಮನಸ್ಸಿಗೆ ಹಚ್ಕೋಬೇಡಿ ಅಂತ ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟ. ತೆಗೆದುಕೊಂಡೆ. ಅರ್ಧ ಇಲ್ಲೇ ಕೂತು ತಿಂದಿದ್ದೇನೆ, ಮಿಕ್ಕರ್ಧ ನಿನಗೆ ಇಟ್ಟಿದ್ದೇನೆ.

ಈಗ ನಿನ್ನ ಸೀಟಿ ಮಾತಿನ ಉತ್ತರ. ಹೊಳೆಯಲು ಒಂದು ವರ್ಷ ಹಿಡಿಯಿತು ಅಂತ ನಗಬೇಡ. ಸೀಟಿ ಊದುವವರೂ ಮೈದಾನದ ಒಳಗೇ ಇರುತ್ತಾರೆ ಅಕ್ಕ. ಓಡುವವಳು ಬಿದ್ದಾಗ ಮೊದಲು ಕಾಣುವುದು ಅವರಿಗೇ. ಇಷ್ಟೇ. ಇನ್ನು ನನಗೆ ಸಿಟ್ಟಿಲ್ಲ. ಇದ್ದದ್ದು ಸೋಮವಾರ ಆ ಮಡಚಿದ ತೋಳು ನೋಡಿದಾಗಲೇ ಹೋಯಿತು. ನಿನ್ನನ್ನು ನೋಡದೆ ಬಹಳ ಬೇಜಾರಾಗಿದೆ.

ನಿನ್ನ ತಂಗಿ,
ನಿಧಾನಿ

ತಾ.ಕ.: ರಜೆ ಯಾಕೆ ಅಂತ ಹೇಳುತ್ತೇನೆ ಅಂದಿದ್ದೆನಲ್ಲ. ಅಂಚೆ ತಲುಪುವವರೆಗೆ ಕಾಯಲು ಆಗಲಿಲ್ಲ, ನೋಡು, ನನಗೇ ಆಗಲಿಲ್ಲ. ಇಷ್ಟು ಹೊತ್ತೂ ನಿಮ್ಮ ಆಫೀಸಿನ ಎದುರು, ರಸ್ತೆಯ ಈಚೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಯ್ಲರಿನ ಆವಿ ಮೂರನೆಯ ಮಹಡಿಯ ಕಿಟಕಿಯಲ್ಲಿ ಇಲ್ಲಿಗೇ ಕಾಣುತ್ತದೆ. ಹೀಗೆ ನೋಡುತ್ತಾ ಕೂತಿದ್ದಕ್ಕೆ ನಿಮ್ಮ ಕಾವಲುಗಾರ ನಾನು ಯಾರು, ಎಲ್ಲಿಯವಳು ಅಂತ ಬಂದು ವಿಚಾರಿಸಿದ. ನಿನ್ನ ತಂಗಿ ಅಂದೆ. ಅವನು ನಂಬದೆ ಮೇಲಕ್ಕೆ ಫೋನ್ ಮಾಡಲು ಹೋಗಿದ್ದಾನೆ. ಅವನು ಬಂದ ಮೇಲೆ ಈ ಪತ್ರ ಅವನ ಕೈಗೇ ಕೊಡೋಣ ಅಂತಿದ್ದೇನೆ. ನೀನು ಓದಿ, ಬೇಕಾದಷ್ಟು ಯೋಚಿಸಿ, ಆಮೇಲೆ ಇಳಿದು ಬಾ, ಅವಸರವೇನಿಲ್ಲ. ಕಾಯುವುದರಲ್ಲಿ ನನ್ನನ್ನು ಮೀರಿಸಿದವರು ಯಾರೂ

ಅಯ್ಯೋ, ಬಾಗಿಲು ತೆರೆಯಿತು. ನೀನೇ. ಈ ಉರಿಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ರಸ್ತೆ ದಾಟುತ್ತಿದ್ದೀಯಾ, ಬುದ್ಧಿ ಇದೆಯಾ ನಿನಗೆ? ಎಡ ತೋಳಿನ ಮಡಿಕೆ ಬಿಚ್ಚಿ ಬೆರಳೆಲ್ಲ ಮುಚ್ಚಿಹೋಗಿದೆ, ಅದನ್ನೇ ಬೀಸುತ್ತಿದ್ದೀಯ. ಸ್ವೆಟರ್ ಯಾಕೆ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪತ್ರವನ್ನು ಆಮೇಲೆ ಓದಿಕೋ, ನಾನೀಗ ಓಡಬೇಕು.